61 ಸಾವಿರ ಕಿ.ಮೀ. ಎಂದು ಕೊಂಡ ಕಾರು, ಸರ್ವಿಸ್ ದಾಖಲೆಯಲ್ಲಿ 1.38 ಲಕ್ಷ: ಈಗ ಏನು ಮಾಡಬೇಕು?

ಪ್ರಶ್ನೆ: ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿದ್ದು, ಅರಕಲಗೂಡು ಕಡೆಯ ಒಂದು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ದಿನಕ್ಕೆ ಹೋಗಿ ಬರುವುದೇ ಅರವತ್ತು ಕಿಲೋಮೀಟರ್ ಆಗುತ್ತದೆ. ತಿಂಗಳಿಗೊಮ್ಮೆ ತಾಯಿಯವರನ್ನು ಮಂಗಳೂರಿನ ಆಸ್ಪತ್ರೆಗೂ ಕರೆದೊಯ್ಯಬೇಕು. ಹಾಗಾಗಿ ಡೀಸೆಲ್ ಕಾರೇ ಇರಲಿ ಎಂದು ನಿರ್ಧರಿಸಿ, ನಾಲ್ಕು ತಿಂಗಳ ಹಿಂದೆ ಬೆಂಗಳೂರಿನ ಒಬ್ಬ ಡೀಲರ್ ಬಳಿ 2017ರ ಡೀಸೆಲ್ ಸೆಡಾನ್ ಒಂದನ್ನು 5,85,000 ರೂಪಾಯಿಗೆ ಕೊಂಡೆ. ವಾಟ್ಸ್‌ಆ್ಯಪ್‌ನಲ್ಲಿ ಅವರು ಕಳುಹಿಸಿದ್ದ ವಿವರದಲ್ಲಿ "ಸಿಂಗಲ್ ಓನರ್, 61,300 ಕಿ.ಮೀ., ಜೆನ್ಯೂನ್" ಎಂದು ಸ್ಪಷ್ಟವಾಗಿ ಬರೆದಿತ್ತು. ಮೀಟರ್ ಕೂಡ ಅದನ್ನೇ ತೋರಿಸುತ್ತಿತ್ತು. ಒಳಗೆ ಸೀಟಿನ ಕವರ್ ಹೊಸದು, ಹೊರಗೆ ಪಾಲಿಶ್ ಚೆನ್ನಾಗಿತ್ತು, ಟೆಸ್ಟ್ ಡ್ರೈವ್‌ನಲ್ಲಿ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಟೋಕನ್ ಹಣ 25,000 ರೂಪಾಯಿಯನ್ನು ಯುಪಿಐ ಮೂಲಕವೂ, ಉಳಿದದ್ದನ್ನು ಅವರ ಸಂಸ್ಥೆಯ ಖಾತೆಗೆ ಬ್ಯಾಂಕಿನಿಂದಲೂ ಕೊಟ್ಟಿದ್ದೇನೆ.

ಕಳೆದ ತಿಂಗಳು ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಕೂಗುತ್ತಿದ್ದರೂ ಕಾರು ವೇಗ ಹಿಡಿಯಲಿಲ್ಲ. ಕ್ಲಚ್ ಸವೆದಿರಬಹುದೆಂದು ಇಲ್ಲಿನ ಕಂಪನಿ ಸರ್ವಿಸ್ ಸೆಂಟರ್‌ಗೆ ಬಿಟ್ಟೆ. ಅಲ್ಲಿನ ಸಿಬ್ಬಂದಿ ನೋಂದಣಿ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿದವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, ನಂತರ ಅದನ್ನು ನನ್ನ ಕಡೆ ತಿರುಗಿಸಿದರು. 2018ರ ನವೆಂಬರ್‌ನಲ್ಲಿ 41,900 ಕಿ.ಮೀ., 2020ರ ಜನವರಿಯಲ್ಲಿ 78,600, 2021ರ ಫೆಬ್ರವರಿಯಲ್ಲಿ 1,04,800, 2022ರ ಮಾರ್ಚ್‌ನಲ್ಲಿ 1,38,450. ಅದರ ನಂತರ ಕಂಪನಿಯ ಸರ್ವಿಸ್ ಆಗಿಯೇ ಇಲ್ಲ. ಈಗ ನನ್ನ ಮೀಟರ್ 68,200 ತೋರಿಸುತ್ತಿದೆ. ಕಾರು ನಿಜವಾಗಿ ಎಷ್ಟು ಓಡಿದೆ ಎಂಬುದು ನನಗೆ ತಿಳಿಯದು.

ಡೀಲರ್‌ಗೆ ಫೋನ್ ಮಾಡಿದಾಗ ಅವರು ಕೊಟ್ಟ ಉತ್ತರ ಹೀಗಿತ್ತು: "ಅದು ಹಿಂದಿನ ಓನರ್ ಮಾಡಿರಬಹುದು, ನಮಗೆ ಗೊತ್ತಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಗೆ ಗ್ಯಾರಂಟಿ ಇರುವುದಿಲ್ಲ. ನೀವು ನೋಡಿಯೇ ತಗೊಂಡಿದ್ದೀರಿ." ನಾನು ಸಹಿ ಮಾಡಿದ ಡೆಲಿವರಿ ನೋಟ್‌ನಲ್ಲಿ "ವಾಹನವನ್ನು ಇರುವ ಸ್ಥಿತಿಯಲ್ಲಿ ಪರಿಶೀಲಿಸಿ ಪಡೆದಿದ್ದೇನೆ" ಎಂಬ ಸಾಲು ಇರುವುದೂ ನಿಜ.

ನನ್ನ ಪ್ರಶ್ನೆಗಳು ಇಷ್ಟು. ಸರ್ವಿಸ್ ಸೆಂಟರಿನ ಈ ದಾಖಲೆ ಸಾಕ್ಷ್ಯವಾಗಿ ನಿಲ್ಲುತ್ತದೆಯೇ? ಕಾರನ್ನು ಹಿಂತಿರುಗಿಸಿ ಹಣ ಪಡೆಯಲು ಸಾಧ್ಯವೇ, ಅಥವಾ ಬೆಲೆಯ ವ್ಯತ್ಯಾಸಕ್ಕಷ್ಟೇ ತೃಪ್ತನಾಗಬೇಕೇ? ತಾಯಿಯವರನ್ನು ಕೂರಿಸಿಕೊಂಡು ಈ ಕಾರಿನಲ್ಲಿ ಘಾಟಿ ಇಳಿಯುವುದು ಸುರಕ್ಷಿತವೇ? ನನ್ನ ಭಾವಮೈದುನ "ಸುಮ್ಮನೆ ಇದೇ ಮೀಟರಿನಲ್ಲಿ ಇನ್ನೊಬ್ಬರಿಗೆ ದಾಟಿಸಿಬಿಡಿ" ಎನ್ನುತ್ತಾನೆ. ನನಗಾದದ್ದನ್ನು ಇನ್ನೊಂದು ಮನೆಗೆ ದಾಟಿಸಲು ನನ್ನ ಮನಸ್ಸು ಒಪ್ಪುವುದಿಲ್ಲ; ಆ ದಾರಿಯನ್ನು ಬಿಟ್ಟು ಬೇರೆ ಏನಿದೆ ಎಂಬುದನ್ನು ತಿಳಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಹುಬ್ಬಳ್ಳಿ ಗ್ಯಾರೇಜ್

ಮೇಷ್ಟ್ರೇ, ನಾನು ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಮೀಟರ್ ತಿರುಗಿಸಿದ ಗಾಡಿಗಳು ನಮ್ಮಲ್ಲಿಗೆ ಬರುವುದು ಸಾಮಾನ್ಯವಾಗಿ ನಿಮ್ಮಂತೆಯೇ, ಕೊಂಡ ಮೂರು ನಾಲ್ಕು ತಿಂಗಳಿಗೆ, ಯಾವುದೋ ಒಂದು ಭಾಗ ಕೈಕೊಟ್ಟ ನಂತರ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಹಣದ ವಿಷಯ ಒಂದು ತಿಂಗಳು ಕಾಯಬಹುದು, ಇದು ಕಾಯುವುದಿಲ್ಲ.

ಮೀಟರ್ ಸುಳ್ಳು ಹೇಳಿದಾಗ ನಷ್ಟ ಬೆಲೆಯಲ್ಲಿ ಮಾತ್ರ ಆಗುವುದಲ್ಲ. ಎಂಜಿನ್ನಿನ ಎಷ್ಟೋ ಭಾಗಗಳನ್ನು ಇಂತಿಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಕಂಪನಿಯ ಕೈಪಿಡಿ ಹೇಳುತ್ತದೆ, ನಾವು ಮೀಟರ್ ನೋಡಿಯೇ ಅದನ್ನು ಲೆಕ್ಕ ಹಾಕುತ್ತೇವೆ. ಇದರಲ್ಲಿ ತೀರ ಅಪಾಯಕಾರಿಯಾದುದು ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳೂ ಪಿಸ್ಟನ್ನುಗಳೂ ಹೊಂದಿಕೊಂಡು ಚಲಿಸುವಂತೆ ನೋಡಿಕೊಳ್ಳುವ ಪಟ್ಟಿ. ನಿಮ್ಮ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇದ್ದರೆ ಸ್ವಲ್ಪ ನಿರಾಳ. ರಬ್ಬರ್ ಬೆಲ್ಟ್ ಇದ್ದರೆ, ಅದನ್ನು ಬದಲಿಸಿದ ದಾಖಲೆ ಕಣ್ಣಿಗೆ ಕಾಣುವವರೆಗೂ ಬದಲಿಸಿಲ್ಲವೆಂದೇ ತಿಳಿಯಿರಿ. ಬದಲಿಸಬೇಕಾದ ಅವಧಿ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆಯಾಗಿರುತ್ತದೆ. ಮೀಟರಿನ ಪ್ರಕಾರ ಇನ್ನೂ ಸಮಯವಿದೆ ಎಂದುಕೊಂಡಿರುವಾಗ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಕ್ಷಣದಲ್ಲಿ ಹಾಳಾಗುತ್ತದೆ. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಸಿಗುವ ಬೂಸ್ಟರ್ ನೆರವೂ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಘಾಟಿ ಇಳಿಯುವಾಗ ಹೀಗಾಗುವುದನ್ನು ಊಹಿಸಿಕೊಳ್ಳಿ. ಬೆಲ್ಟ್, ಬ್ರೇಕ್ ಡಿಸ್ಕಿನ ದಪ್ಪ, ಬ್ರೇಕ್ ಆಯಿಲ್, ಮುಂದಿನ ಚಕ್ರಗಳ ಬಾಲ್ ಜಾಯಿಂಟ್ ಮತ್ತು ಬುಷ್‌ಗಳನ್ನು ನೋಡಿಸುವವರೆಗೆ ದಯವಿಟ್ಟು ತಾಯಿಯವರನ್ನು ಈ ಕಾರಿನಲ್ಲಿ ಕರೆದೊಯ್ಯಬೇಡಿ.

ಇನ್ನು ದಾಖಲೆಯ ವಿಷಯ. ಸರ್ವಿಸ್ ಹಿಸ್ಟರಿಯಲ್ಲಿ ಒಂದೇ ಒಂದು ನಮೂದು ಹೆಚ್ಚಾಗಿದ್ದರೆ ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಜಾಬ್ ಕಾರ್ಡ್ ಬರೆಯುವ ಹುಡುಗ ಒಂದು ಅಂಕಿ ಹೆಚ್ಚು ಒತ್ತಿರುವ ಉದಾಹರಣೆಗಳಿವೆ. ಮೀಟರ್ ಕೆಟ್ಟು, ಅಥವಾ ಮಳೆನೀರಿನಲ್ಲಿ ಮುಳುಗಿ, ಕ್ಲಸ್ಟರನ್ನೇ (ಸ್ಟೀರಿಂಗ್ ಹಿಂದಿನ ಮೀಟರುಗಳ ಫಲಕವನ್ನೇ) ಪ್ರಾಮಾಣಿಕವಾಗಿ ಬದಲಿಸಿದ ಗಾಡಿಗಳೂ ಇರುತ್ತವೆ. ಅಂಥ ಗಾಡಿಗೆ ಜಾಬ್ ಕಾರ್ಡಿನಲ್ಲಿ ಹಳೆಯ ರೀಡಿಂಗ್ ಬರೆದಿರುತ್ತಾರೆ. ನಿಮ್ಮದರಲ್ಲಿ ನಾಲ್ಕು ನಮೂದುಗಳು ಒಂದರ ಮೇಲೊಂದು ಸರಿಯಾಗಿ ಏರಿವೆ. ಕೊರೊನಾ ಲಾಕ್‌ಡೌನ್ ಇದ್ದ ವರ್ಷದಲ್ಲಿ ಏರಿಕೆ ತಗ್ಗಿರುವುದೂ ಸಹಜವಾಗಿಯೇ ಕಾಣುತ್ತದೆ. ತಿಂಗಳಿಗೆ ಸರಾಸರಿ ಎರಡೂವರೆ ಸಾವಿರದಷ್ಟು ಓಡಿರುವ ಈ ಗಾಡಿ 2022ರ ನಂತರ ಮನೆಯಲ್ಲಿ ನಿಂತಿರಲಾರದು. ನನ್ನ ಅಂದಾಜಿನಲ್ಲಿ ನಿಜವಾದ ಅಂಕಿ ಎರಡು ಲಕ್ಷದ ಆಸುಪಾಸಿನಲ್ಲಿದೆ.

ಅಂದಾಜನ್ನು ಸಾಕ್ಷ್ಯವಾಗಿಸಲು ಒಂದು ದಾರಿಯಿದೆ. ಹಳೆಯ ಕಾಲದ ಮೀಟರಿನಲ್ಲಿ ಅಂಕಿಯ ಚಕ್ರಗಳನ್ನೇ ಕೈಯಿಂದ ತಿರುಗಿಸುತ್ತಿದ್ದರು, ಅಂಕಿಗಳು ಓರೆಯಾಗಿ ನಿಂತು ಅದು ಗೊತ್ತಾಗುತ್ತಿತ್ತು. ಈಗಿನ ಗಾಡಿಗಳಲ್ಲಿ ಕ್ಲಸ್ಟರಿನ ಒಳಗಿನ ಪುಟ್ಟ ಮೆಮೊರಿ ಚಿಪ್ಪಿನಲ್ಲಿ ಕಿಲೋಮೀಟರ್ ಕೂತಿರುತ್ತದೆ. ಲ್ಯಾಪ್‌ಟಾಪ್ ಜೋಡಿಸಿ ಅದನ್ನು ಬದಲಿಸಲು ಬಹಳ ಹೊತ್ತು ಬೇಕಿಲ್ಲ. ಆದರೆ ಬದಲಿಸುವವರು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಮೀಟರನ್ನಷ್ಟೇ ಬದಲಿಸುತ್ತಾರೆ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ (ಇಸಿಯು), ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್, ಏರ್‌ಬ್ಯಾಗ್ ಮುಂತಾದ ಬೇರೆ ಬೇರೆ ಕಂಟ್ರೋಲ್ ಯೂನಿಟ್‌ಗಳು, ಮಾದರಿಯನ್ನು ಅವಲಂಬಿಸಿ, ದೋಷ ಕಂಡಾಗ ಅದು ಎಷ್ಟನೆಯ ಕಿಲೋಮೀಟರಿನಲ್ಲಿ ಕಂಡಿತು ಎಂಬುದನ್ನೂ ಬರೆದಿಟ್ಟುಕೊಂಡಿರುತ್ತವೆ. ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕವೂ ಕೆಲವದರಲ್ಲಿ ಸಿಗುತ್ತದೆ. ಉದಾಹರಣೆಗೆ ಎಂಜಿನ್ 5,600 ಗಂಟೆ ಓಡಿದ್ದು ಮೀಟರ್ 68,000 ಎಂದರೆ ಸರಾಸರಿ ವೇಗ ಗಂಟೆಗೆ ಹನ್ನೆರಡು ಕಿಲೋಮೀಟರ್ ಆಯಿತು. ಹೆದ್ದಾರಿಯಲ್ಲಿ ಓಡಿದ ಗಾಡಿಗೆ ಅದು ಹೊಂದುವುದೇ ಇಲ್ಲ. ಅಂಗಡಿಯಲ್ಲಿ ಸಿಗುವ ಅಗ್ಗದ ಸ್ಕ್ಯಾನರಿನಲ್ಲಿ ಇದೆಲ್ಲ ಕಾಣುವುದಿಲ್ಲ. ಕಂಪನಿಯ ಸ್ಕ್ಯಾನರಿನಿಂದ ಎಲ್ಲ ಯೂನಿಟ್‌ಗಳನ್ನೂ ಓದಿಸಿ, ವರದಿಯನ್ನು ಮುದ್ರಿಸಿ, ದಿನಾಂಕ ಹಾಗೂ ಮೊಹರಿನೊಂದಿಗೆ ಪಡೆಯಿರಿ. ಓದಿಸುವ ಮೊದಲು ಯಾವ ಕಾರಣಕ್ಕೂ ದೋಷಗಳನ್ನು ಅಳಿಸಲು ಬಿಡಬೇಡಿ. ಅಳಿಸಿದರೆ ನಿಮ್ಮ ಸಾಕ್ಷ್ಯವೇ ಹೋಯಿತು.

ಇನ್ನೊಂದು, ಸ್ಟೆಪ್ನಿಯನ್ನು ಹೊರತೆಗೆದು ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1217 ಎಂದರೆ 2017ರ ಹನ್ನೆರಡನೆಯ ವಾರ. ಸ್ಟೆಪ್ನಿ ಕಾರಿನಷ್ಟೇ ಹಳೆಯದಾಗಿದ್ದು, ಕೆಳಗಿನ ನಾಲ್ಕು ಟೈರುಗಳು ತೀರ ಈಚಿನವಾಗಿದ್ದೂ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ, ನಡುವೆ ಎಷ್ಟು ಜೊತೆ ಟೈರು ಬಂದುಹೋಗಿರಬಹುದು ಎಂದು ಯೋಚಿಸಬಹುದು. ಕ್ಲಚ್ ಪೆಡಲಿನ ರಬ್ಬರ್, ಸ್ಟೀರಿಂಗ್, ಹೊಸ ಕವರಿನ ಕೆಳಗಿರುವ ಡ್ರೈವರ್ ಸೀಟಿನ ಬಲ ಅಂಚು, ಇವುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಇವು ತಾವಾಗಿ ಏನನ್ನೂ ಸಾಬೀತು ಮಾಡುವುದಿಲ್ಲ, ಆದರೆ ದಾಖಲೆಯ ಜೊತೆ ನಿಂತಾಗ ಬಲ ಕೊಡುತ್ತವೆ.

ಕ್ಲಚ್ ಪ್ಲೇಟ್ ಬದಲಿಸಿದರೆ ಹಳೆಯದನ್ನು ಗುಜರಿಗೆ ಹೋಗಲು ಬಿಡದೆ ನಿಮ್ಮಲ್ಲೇ ಇಟ್ಟುಕೊಳ್ಳಿ.

ಹಾಸನದ ಮೇಷ್ಟ್ರು

ಬಹಳ ಉಪಕಾರವಾಯಿತು. ಕೈಪಿಡಿ ತೆಗೆದು ನೋಡಿದೆ, ನನ್ನ ಎಂಜಿನ್ನಿನಲ್ಲಿ ಇರುವುದು ಬೆಲ್ಟೇ. ಅದನ್ನು ಬದಲಿಸಿದ ನಮೂದು ಆ ನಾಲ್ಕು ಸರ್ವಿಸ್‌ಗಳಲ್ಲಿ ಯಾವುದರಲ್ಲೂ ಇಲ್ಲ. ಕಾರನ್ನು ನಿನ್ನೆಯೇ ಮನೆಯ ಮುಂದೆ ನಿಲ್ಲಿಸಿದ್ದೇನೆ, ಸದ್ಯಕ್ಕೆ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದೇನೆ. ಸ್ಟೆಪ್ನಿಯ ಮೇಲೆ 2017ರ ಸಂಖ್ಯೆ ಇದೆ. ಉಳಿದ ನಾಲ್ಕೂ 2023ರವು, ಸವೆದು ಮಿತಿಯ ಗುರುತಿನ ಹತ್ತಿರ ಬಂದಿವೆ. ಸೋಮವಾರ ಸ್ಕ್ಯಾನ್ ಮಾಡಿಸುತ್ತೇನೆ. ಕಾನೂನಿನ ಕಡೆಯಿಂದ ಯಾರಾದರೂ ತಿಳಿಸಿದರೆ ಒಳ್ಳೆಯದು.

ಉತ್ತರ 2: ತುಮಕೂರಿನ ವಕೀಲೆ

ಸರ್, ಗ್ರಾಹಕ ಆಯೋಗಗಳಲ್ಲಿ ಪ್ರಕರಣ ನಡೆಸುವವಳಾಗಿ ಬರೆಯುತ್ತಿದ್ದೇನೆ. ಕಾಗದಗಳನ್ನು ನೋಡದೆ ಹೇಳುವ ಮಾತಿಗೆ ಮಿತಿಯಿದೆ. ನಿಮ್ಮ ಊರಿನ ವಕೀಲರಿಗೆ ಒಮ್ಮೆ ಎಲ್ಲವನ್ನೂ ತೋರಿಸಿ.

ಮೋಟಾರು ವಾಹನ ಕಾಯ್ದೆ, 1988ರಲ್ಲಿ ಓಡೋಮೀಟರ್ ತಿದ್ದುವುದನ್ನೇ ಹೆಸರಿಸಿ ಶಿಕ್ಷೆ ಹೇಳುವ ಕಲಂ ಇಲ್ಲ. ಇದು ನಮ್ಮ ಕಾನೂನಿನಲ್ಲಿರುವ ದೊಡ್ಡ ಕೊರತೆಯೆಂದೇ ನಾನು ಭಾವಿಸುತ್ತೇನೆ. ಆದರೂ ದಾರಿ ಮುಚ್ಚಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 2(47)ನೇ ಕಲಮಿನ ಪ್ರಕಾರ ಸರಕಿನ ಗುಣಮಟ್ಟ, ದರ್ಜೆ ಮುಂತಾದವುಗಳ ಬಗ್ಗೆ ಸುಳ್ಳು ಹೇಳಿ ಮಾರುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ನೀವು ಸ್ವಂತ ಬಳಕೆಗೆ ಕೊಂಡಿದ್ದೀರಿ, ಮಾರಿದವರು ವ್ಯಾಪಾರಕ್ಕಾಗಿಯೇ ಮಾರುವವರು. ಆದ್ದರಿಂದ ನೀವು ಗ್ರಾಹಕರೇ. ಪಕ್ಕದ ಮನೆಯವರು ತಮ್ಮ ಸ್ವಂತ ಕಾರನ್ನು ಹೀಗೆ ಮಾರಿದ್ದರೆ ಆಯೋಗದ ದಾರಿ ಕಷ್ಟವಾಗುತ್ತಿತ್ತು, ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತಿತ್ತು.

ದೂರನ್ನು ಬೆಂಗಳೂರಿನಲ್ಲೇ ಕೊಡಬೇಕೆಂದಿಲ್ಲ. 34ನೇ ಕಲಮಿನ ಪ್ರಕಾರ ದೂರುದಾರರು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ, ಅಂದರೆ ನಿಮ್ಮ ವಿಷಯದಲ್ಲಿ ಹಾಸನದಲ್ಲಿಯೇ, ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೇ ಅಧಿಕಾರ. 5 ಲಕ್ಷದವರೆಗಿನ ಬೆಲೆಗೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ನಿಮಗೆ ಅನ್ವಯಿಸುವುದು ಎರಡನೆಯದು. ವ್ಯಾಜ್ಯ ಕಾರಣ ಉಂಟಾದ ಎರಡು ವರ್ಷಗಳ ಒಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು, ಕೆಲವು ಸಂಸ್ಥೆಗಳು ಆ ಹಂತದಲ್ಲೇ ಮಾತುಕತೆಗೆ ಬರುತ್ತವೆ.

ಇನ್ನು "ಇರುವ ಸ್ಥಿತಿಯಲ್ಲಿ ಪಡೆದಿದ್ದೇನೆ" ಎಂಬ ಸಾಲು. ಕಣ್ಣಿಗೆ ಕಾಣುವ ಗೀರು, ಸವೆತಗಳ ಮಟ್ಟಿಗೆ ಅದಕ್ಕೆ ಬೆಲೆಯಿದೆ. ಬರವಣಿಗೆಯಲ್ಲಿ "61,300, ಜೆನ್ಯೂನ್" ಎಂದು ಹೇಳಿ ನಿಮ್ಮನ್ನು ಒಪ್ಪಿಸಿದ ಮೇಲೆ, ಆ ಮಾತಿನ ಸುಳ್ಳನ್ನು ಮುಚ್ಚಲು ಅದೇ ಸಾಲನ್ನು ಬಳಸುವುದು ಬೇರೆ ಮಾತು. ಅದನ್ನು ಖಂಡಿತ ಪ್ರಶ್ನಿಸಬಹುದು.

ನಿಜವಾದ ತೊಡಕು ಇರುವುದು ಬೇರೆ ಕಡೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕರಾರು ಕಾಯ್ದೆ, 1872ರ 19ನೇ ಕಲಂ ವಂಚನೆಯಿಂದ ಅಥವಾ ತಪ್ಪು ನಿರೂಪಣೆಯಿಂದ ಒಪ್ಪಿಗೆ ಪಡೆದ ಕರಾರನ್ನು ರದ್ದುಪಡಿಸುವ ಹಕ್ಕನ್ನು ಮೋಸಹೋದವರಿಗೆ ಕೊಡುತ್ತದೆ. ಆದರೆ ಅದಕ್ಕೊಂದು ವಿನಾಯಿತಿ ಇದೆ: ತಿಳಿಯದೆ ಮಾಡಿದ ತಪ್ಪು ನಿರೂಪಣೆಯಾಗಿದ್ದರೆ, ಅಥವಾ ಸುಮ್ಮನಿದ್ದು ಮರೆಮಾಚಿದ್ದಾಗಿದ್ದರೆ, ಕೊಳ್ಳುವವರು ಸಾಮಾನ್ಯ ಜಾಗರೂಕತೆಯಿಂದ ಸತ್ಯವನ್ನು ಕಂಡುಕೊಳ್ಳಬಹುದಾಗಿತ್ತು ಎಂದು ತೋರಿಸಿ ಎದುರು ಪಕ್ಷದವರು ತಪ್ಪಿಸಿಕೊಳ್ಳಬಹುದು. ಡೀಲರ್ "ಹಿಂದಿನ ಓನರ್ ಮಾಡಿರಬಹುದು" ಎಂದದ್ದು ಈ ಬಾಗಿಲನ್ನು ತೆರೆದಿಟ್ಟುಕೊಳ್ಳಲು. ತಿಳಿದೂ ಹೇಳಿದ ಸುಳ್ಳಿಗೆ ಆ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ಕಾರು ಡೀಲರ್ ಕೈಗೆ ಬಂದ ದಿನ ಮೀಟರ್ ಎಷ್ಟು ತೋರಿಸುತ್ತಿತ್ತು ಎಂಬ ಒಂದೇ ಪ್ರಶ್ನೆಯ ಮೇಲೆ ನಿಮ್ಮ ಪ್ರಕರಣದ ಬಹುಭಾಗ ನಿಂತಿದೆ.

ಅದನ್ನು ತಿಳಿಯಲು ಹಿಂದಿನ ಮಾಲೀಕರನ್ನು ಹುಡುಕಿ. ಆರ್.ಟಿ.ಒ. ಕಚೇರಿಯಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್‌ಗೆ (ವಾಹನದ ನೋಂದಣಿ ದಾಖಲೆಯ ನಕಲಿಗೆ) ಅರ್ಜಿ ಹಾಕಿದರೆ ಮಾಲೀಕತ್ವದ ಸರಣಿ, ಸಾಲದ ನಮೂದು ಎಲ್ಲವೂ ತಿಳಿಯುತ್ತವೆ. ವರ್ಗಾವಣೆಯ 29 ಮತ್ತು 30ನೇ ನಮೂನೆಗಳಲ್ಲಿ ಅವರ ಸಹಿ ಇದ್ದೇ ಇರುತ್ತದೆ. ಅವರೊಂದಿಗೆ ಆರೋಪದ ಧ್ವನಿಯಲ್ಲಿ ಮಾತನಾಡಬೇಡಿ. ಅನೇಕ ಸಲ ಅವರು ಕಾರು ಕೊಡುವಾಗಿನ ಫೋಟೊ, ವಿಮೆ ನವೀಕರಿಸುವಾಗ ತೆಗೆದ ಮೀಟರಿನ ಚಿತ್ರ, ಫಾಸ್ಟ್‌ಟ್ಯಾಗ್ ಸ್ಟೇಟ್‌ಮೆಂಟ್ ಮುಂತಾದುವನ್ನು ತಾವಾಗಿಯೇ ಕೊಡುತ್ತಾರೆ, ಏಕೆಂದರೆ ತಮ್ಮ ಹೆಸರಿನಲ್ಲಿ ಮೋಸ ನಡೆಯುವುದು ಅವರಿಗೂ ಬೇಡವಾಗಿರುತ್ತದೆ. ಅವರು ಒಂದು ಪ್ರಮಾಣಪತ್ರ ಕೊಟ್ಟರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಜೊತೆಗೆ, 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ಡೀಲರ್‌ಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು, ವಾಹನ ತಮ್ಮ ವಶಕ್ಕೆ ಬಂದುದನ್ನು ತಿಳಿಸಬೇಕು, ಅದು ತಮ್ಮಲ್ಲಿರುವಾಗ ಓಡಿದ ದೂರದ ವಿದ್ಯುನ್ಮಾನ ದಾಖಲೆಯನ್ನು ಇಡಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ನೋಟಿಸಿನಲ್ಲಿ ಈ ದಾಖಲೆಗಳನ್ನು ಕೇಳಿ. ಕೊಟ್ಟರೆ ಅಂಕಿ ಸಿಗುತ್ತದೆ, ಕೊಡದಿದ್ದರೆ ಕೊಡಲಿಲ್ಲವೆಂಬುದೇ ಆಯೋಗದ ಮುಂದೆ ನಿಮ್ಮ ವಾದವಾಗುತ್ತದೆ.

ವಾಟ್ಸ್‌ಆ್ಯಪ್ ಸಂದೇಶವಿರುವ ಫೋನನ್ನು ಮಾರಬೇಡಿ, ಸಂಭಾಷಣೆಯನ್ನು ಅಳಿಸಬೇಡಿ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಡಿ ಪ್ರಮಾಣಪತ್ರ ಬೇಕಾಗುತ್ತದೆ, ಬರಿಯ ಸ್ಕ್ರೀನ್‌ಶಾಟ್ ಮುದ್ರಿಸಿ ಕೊಟ್ಟರೆ ಎದುರಿನವರು ಆಕ್ಷೇಪಿಸುತ್ತಾರೆ. ಪೊಲೀಸ್ ದೂರನ್ನೂ ಕೊಡಬಹುದು; ನಿಮ್ಮ ಖರೀದಿ 2024ರ ಜುಲೈ 1ರ ನಂತರದ್ದಾದ್ದರಿಂದ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅನ್ವಯಿಸುತ್ತದೆ. ನನ್ನ ಅನುಭವದಲ್ಲಿ ಮೊದಲು ನೋಟಿಸ್ ಕಳುಹಿಸಿ, ಉತ್ತರ ನೋಡಿ, ನಂತರ ಅದನ್ನು ನಿರ್ಧರಿಸುವುದು ಒಳ್ಳೆಯದು.

ಕಾರನ್ನು ನಿಲ್ಲಿಸಿದ್ದು ಕಾನೂನಿನ ದೃಷ್ಟಿಯಿಂದಲೂ ಸರಿಯಾದ ಹೆಜ್ಜೆ. ಸತ್ಯ ತಿಳಿದ ಮೇಲೂ ತಿಂಗಳುಗಟ್ಟಲೆ ಓಡಿಸುತ್ತಿದ್ದರೆ, ನೀವು ಕರಾರನ್ನು ಒಪ್ಪಿಕೊಂಡಿರಿ ಎಂದು ಅವರು ವಾದಿಸಬಹುದು. ಭಾವಮೈದುನರ ಸಲಹೆಯ ಬಗ್ಗೆ ಇಷ್ಟೇ ಹೇಳಬಲ್ಲೆ: ತಿಳಿದೂ ಅದೇ ಅಂಕಿ ಹೇಳಿ ಮಾರಿದ ಕ್ಷಣದಿಂದ ಮೇಲೆ ಹೇಳಿದ 318ನೇ ಕಲಂ ನಿಮಗೂ ಅನ್ವಯಿಸುತ್ತದೆ.

ಉತ್ತರ 3: ಕಡಲೂರಿನವಳು

ಮೇಷ್ಟ್ರ ಪ್ರಶ್ನೆಗೆ ನೇರವಾದ ಉತ್ತರ ಮೇಲಿನವರು ಕೊಟ್ಟಿದ್ದಾರೆ. ಇನ್ನೂ ಕಾರು ಕೊಳ್ಳದೆ ಇದನ್ನು ಓದುತ್ತಿರುವವರಿಗೆ ನನ್ನ ಅನುಭವವನ್ನು ಹೇಳಬೇಕೆನಿಸಿತು.

ಕಳೆದ ವರ್ಷ ಮಂಗಳೂರಿನಲ್ಲಿ ನಾನು 44,000 ಕಿ.ಮೀ. ಓಡಿದೆ ಎಂದ ಒಂದು ಕಾರನ್ನು ನೋಡಿದೆ. ನನಗೆ ಯಂತ್ರದ ವಿಷಯ ಏನೂ ತಿಳಿಯದು. ಆದ್ದರಿಂದ ಟೋಕನ್ ಕೊಡುವ ಮೊದಲು ಎರಡು ಸಾಲಿನ ಒಂದು ಕಾಗದ ಸಿದ್ಧಪಡಿಸಿಕೊಂಡು ಹೋಗಿದ್ದೆ: "ಈ ನೋಂದಣಿ ಸಂಖ್ಯೆಯ ವಾಹನದ ಮೀಟರ್ ಇಂದು ಇಷ್ಟು ಕಿ.ಮೀ. ತೋರಿಸುತ್ತಿದ್ದು, ಇದು ವಾಹನ ನಿಜವಾಗಿ ಓಡಿದ ದೂರವೇ ಆಗಿರುತ್ತದೆ. ಇದಕ್ಕಿಂತ ಹೆಚ್ಚು ಓಡಿರುವುದು ಯಾವುದೇ ದಾಖಲೆಯಿಂದ ಕಂಡುಬಂದಲ್ಲಿ ವಾಹನವನ್ನು ಹಿಂಪಡೆದು ಪೂರ್ತಿ ಹಣವನ್ನು ಮರಳಿಸುತ್ತೇವೆ." ಕೆಳಗೆ ಸಹಿ, ಮೊಹರು, ದಿನಾಂಕ. ಅಷ್ಟು ಹೊತ್ತು ನಗುತ್ತಾ ಮಾತನಾಡುತ್ತಿದ್ದವರು ಕಾಗದ ಓದಿದ ಮೇಲೆ "ಇಂಥದ್ದೆಲ್ಲ ನಾವು ಬರೆದುಕೊಡುವುದಿಲ್ಲ" ಎಂದರು. ನಾನು ಎದ್ದು ಬಂದೆ. ಆ ಕಾರಿನ ಮೀಟರ್ ಸುಳ್ಳೋ ನಿಜವೋ ನನಗೆ ಇಂದಿಗೂ ಗೊತ್ತಿಲ್ಲ, ತಿಳಿದುಕೊಳ್ಳುವ ಅಗತ್ಯವೂ ಬರಲಿಲ್ಲ.

ಎರಡು ವಾರಗಳ ನಂತರ ಉಡುಪಿಯ ಒಬ್ಬ ನಿವೃತ್ತರ ಮನೆಯಲ್ಲಿ ಮತ್ತೊಂದು ಕಾರು ಸಿಕ್ಕಿತು. ಅದು 94,000 ಕಿ.ಮೀ. ಓಡಿತ್ತು. ಅವರು ಕೇಳುವ ಮೊದಲೇ ಪ್ರತಿ ಸರ್ವಿಸ್ಸಿನ ಬಿಲ್ಲುಗಳಿದ್ದ ಫೈಲನ್ನು ಮುಂದಿಟ್ಟರು. ನನ್ನ ಕಾಗದಕ್ಕೆ ಸಹಿಯನ್ನೂ ಮಾಡಿದರು. ಆದರೂ ನಾನು ಅವರ ಅನುಮತಿ ಪಡೆದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ಹಿಸ್ಟರಿಯನ್ನು ಪರದೆಯ ಮೇಲೆ ನಾನೇ ನೋಡಿದೆ. 44,000 ಎಂಬ ಮಾತಿಗಿಂತ, ಬಿಲ್ಲಿನ ಮೇಲಿದ್ದ 94,000 ನನಗೆ ಹೆಚ್ಚು ನೆಮ್ಮದಿ ಕೊಟ್ಟಿತು. ನಮ್ಮಲ್ಲಿ ಕೊಳ್ಳುವವರೂ ಮೊದಲು ಕೇಳುವ ಪ್ರಶ್ನೆ "ಎಷ್ಟು ಓಡಿದೆ" ಎಂಬುದೇ ಆಗಿರುವುದರಿಂದ, ಕಡಿಮೆ ಅಂಕಿ ತೋರಿಸುವ ಆಸೆ ಮಾರುವವರಿಗೆ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ. "ಬಿಲ್ಲುಗಳು ಎಲ್ಲಿವೆ" ಎಂದು ಮೊದಲು ಕೇಳಬೇಕು.

ಉತ್ತರ 4: ಸ್ಟುಟ್‌ಗಾರ್ಟ್‌ನಿಂದ

ನಾನು ಧಾರವಾಡದವನು, ಈಗ ಜರ್ಮನಿಯಲ್ಲಿದ್ದೇನೆ. ವಕೀಲರು ಹೇಳಿದ ಕೊರತೆಯ ಬಗ್ಗೆ ಒಂದು ಮಾತು. ಇಲ್ಲಿ 2005ರಿಂದ ರಸ್ತೆ ಸಂಚಾರ ಕಾಯ್ದೆಯ 22ಬಿ ಕಲಮಿನಡಿ ಮೀಟರ್ ತಿದ್ದುವುದೇ ಅಪರಾಧ, ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ. ತಿದ್ದಲು ಬಳಸುವ ತಂತ್ರಾಂಶವನ್ನು ಮಾರುವುದಕ್ಕೂ ಅದೇ ಶಿಕ್ಷೆ. ಆದರೂ ಇಲ್ಲಿ ಈ ಮೋಸ ನಿಂತಿಲ್ಲ. ನಿಜವಾಗಿ ಫಲ ಕೊಟ್ಟಿರುವುದು ಪಕ್ಕದ ಬೆಲ್ಜಿಯಂನ ಕ್ರಮ. ಅಲ್ಲಿ 2006ರಿಂದ ಹಳೆಯ ಕಾರು ಮಾರುವವರು ಕಾರ್-ಪಾಸ್ ಎಂಬ ಪತ್ರವನ್ನು ಕೊಡಲೇಬೇಕು. ಗ್ಯಾರೇಜುಗಳು, ತಪಾಸಣಾ ಕೇಂದ್ರಗಳು ತಾವು ಕಂಡ ರೀಡಿಂಗನ್ನು ಒಂದೇ ಕಡೆಗೆ ಕಳುಹಿಸುವುದರಿಂದ ಆ ಪತ್ರದಲ್ಲಿ ಕಾರಿನ ಪೂರ್ತಿ ಸರಣಿ ಇರುತ್ತದೆ. ನಮ್ಮಲ್ಲಿ ವಾಹನ್ ಜಾಲತಾಣದಲ್ಲಿ ಮಾಲೀಕರು, ವಿಮೆ, ಹೊಗೆ ತಪಾಸಣೆಯ ಅವಧಿ ಎಲ್ಲವೂ ಒಂದೆಡೆ ಇವೆ. ಹೊಗೆ ತಪಾಸಣೆಗೆ ಪ್ರತಿ ಕಾರೂ ಬರಲೇಬೇಕಾದ್ದರಿಂದ, ಆಗಲೇ ಕಿಲೋಮೀಟರನ್ನೂ ಬರೆದು ಅಲ್ಲಿಗೆ ಸೇರಿಸಿದರೆ ಕೊಳ್ಳುವವರಿಗೆ ಎಷ್ಟೋ ಅನುಕೂಲವಾಗುತ್ತದೆ.

ಹಾಸನದ ಮೇಷ್ಟ್ರು

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಕಂಪನಿಯ ಸ್ಕ್ಯಾನರಿನಲ್ಲಿ ಎಲ್ಲ ಯೂನಿಟ್‌ಗಳನ್ನೂ ಓದಿಸಿದೆ. ಎಬಿಎಸ್ ಯೂನಿಟ್‌ನಲ್ಲಿ ಹಿಂದಿನ ಎಡ ಚಕ್ರದ ಸೆನ್ಸರಿನ ಒಂದು ಹಳೆಯ ದೋಷ ಉಳಿದಿತ್ತು. ಅದು ದಾಖಲಾಗಿರುವುದು 1,71,620ನೇ ಕಿಲೋಮೀಟರಿನಲ್ಲಿ. ಮೊಹರಿನೊಂದಿಗೆ ವರದಿ ಪಡೆದಿದ್ದೇನೆ. ಬಿ ಎಕ್ಸ್‌ಟ್ರ್ಯಾಕ್ಟ್ ಮೂಲಕ ಹಿಂದಿನ ಮಾಲೀಕರೂ ಸಿಕ್ಕರು. ಅವರು ಕೆಲಸದ ಮೇಲೆ ಬೆಂಗಳೂರು, ಬಳ್ಳಾರಿ ನಡುವೆ ಓಡಾಡುತ್ತಿದ್ದವರು. ಕಾರು ಕೊಟ್ಟ ದಿನ ಡೀಲರ್‌ನ ಅಂಗಳದಲ್ಲೇ ತೆಗೆದ ಮೀಟರಿನ ಫೋಟೊವನ್ನು ಕಳುಹಿಸಿದರು: 1,96,014. ಪ್ರಮಾಣಪತ್ರ ಕೊಡಲೂ ಒಪ್ಪಿದ್ದಾರೆ.

ಈ ನಡುವೆ ಡೀಲರ್ ತಾವಾಗಿಯೇ ಫೋನ್ ಮಾಡಿ 40,000 ರೂಪಾಯಿ ಕೊಡುತ್ತೇವೆ, "ಮುಂದೆ ಯಾವ ತಕರಾರೂ ಇಲ್ಲ" ಎಂಬ ಕಾಗದಕ್ಕೆ ಸಹಿ ಮಾಡಿ ಎನ್ನುತ್ತಿದ್ದಾರೆ. ಹಿಂದಿನ ಮಾಲೀಕರು ಫೋಟೊ ಕೊಟ್ಟ ವಿಷಯ ಅವರಿಗೆ ತಿಳಿದಿಲ್ಲ. ಏನು ಮಾಡಲಿ?

ತುಮಕೂರಿನ ವಕೀಲೆ

ಸಹಿ ಮಾಡಬೇಡಿ. ಕಾರು ಅವರ ಕೈಗೆ ಬಂದಾಗ 1,96,014 ಇದ್ದು, ನಿಮಗೆ ಮಾರುವಾಗ 61,300 ಆಗಿದ್ದರೆ "ಹಿಂದಿನ ಓನರ್ ಮಾಡಿರಬಹುದು" ಎಂಬ ಮಾತು ಅಲ್ಲಿಗೇ ಮುಗಿಯಿತು. ಫೋಟೊ ತೆಗೆದ ಫೋನು ಹಿಂದಿನ ಮಾಲೀಕರ ಬಳಿಯೇ ಇದೆಯೇ ಎಂದು ಕೇಳಿ, ಮೂಲ ಕಡತವನ್ನು ಉಳಿಸಿಕೊಳ್ಳಲು ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಪ್ರತಿಯಲ್ಲಿ ಸಾಮಾನ್ಯವಾಗಿ ಮೂಲದ ದಿನಾಂಕದ ವಿವರ ಉಳಿಯುವುದಿಲ್ಲ. ಇ-ಮೇಲ್‌ನಲ್ಲಿ ಮೂಲ ಕಡತವನ್ನೇ ಲಗತ್ತಿಸಿ ಕಳುಹಿಸಿದರೆ ಉತ್ತಮ.

ಫೋನಿನಲ್ಲಿ ಚೌಕಾಸಿ ಮಾಡಬೇಡಿ. ವಕೀಲರ ಮೂಲಕ ಸ್ವೀಕೃತಿ ಸಹಿತ ಅಂಚೆಯಲ್ಲಿ ಹದಿನೈದು ದಿನಗಳ ನೋಟಿಸ್ ಕಳುಹಿಸಿ. ಕಾರನ್ನು ಹಿಂಪಡೆದು 5,85,000 ರೂಪಾಯಿ, ಅದರ ಮೇಲಿನ ಬಡ್ಡಿ, ನೋಂದಣಿ ವರ್ಗಾವಣೆ ಮತ್ತು ವಿಮೆಗೆ ನೀವು ಮಾಡಿದ ವೆಚ್ಚವನ್ನು ಮರಳಿಸಬೇಕೆಂದು ಕೇಳಿ. ಆರ್.ಸಿ.ಯನ್ನು ಅವರ ಖರ್ಚಿನಲ್ಲೇ ನಿಮ್ಮ ಹೆಸರಿನಿಂದ ವರ್ಗಾಯಿಸಿಕೊಳ್ಳಬೇಕೆಂಬುದನ್ನೂ ಬರೆಯಿಸಿ. ಅದು ಆಗದಿದ್ದರೆ ನಾಳೆ ಆ ಕಾರಿನಿಂದ ಏನಾದರೂ ಅಪಘಾತವಾದಾಗ ಹೊಣೆ ನಿಮ್ಮ ಮೇಲೆಯೇ ಬರುತ್ತದೆ. ಹಣ ನಿಮ್ಮ ಖಾತೆಗೆ ಬಂದ ನಂತರವೇ ಬೀಗದ ಕೈ ಕೊಡಿ.

ಹಾಸನದ ಮೇಷ್ಟ್ರು

ಇಲ್ಲಿನ ವಕೀಲರನ್ನು ಇಂದು ಸಂಜೆ ಕಂಡು ಬಂದೆ. ನೋಟಿಸಿನ ಕರಡು ಸಿದ್ಧವಾಗಿದೆ, ನಾಳೆ ಅಂಚೆಗೆ ಹಾಕುತ್ತಾರೆ. ಹಿಂದಿನ ಮಾಲೀಕರು ಮೂಲ ಫೋಟೊವನ್ನು ಇ-ಮೇಲ್ ಮಾಡಿದ್ದಾರೆ. ಆ ಫೋನು ಇನ್ನೂ ಅವರ ಬಳಿಯೇ ಇದೆಯಂತೆ. ನೋಟಿಸಿಗೆ ಬಂದ ಉತ್ತರವನ್ನು ಇಲ್ಲಿಯೇ ತಿಳಿಸುತ್ತೇನೆ.